ಉಗುಳ್ಲಾಕ ಬರಲಾರದ ಕೂಸಿಗೆ ಫ್ಲೋರೈಡ್ ಪೇಸ್ಟ್ ಬೇಕೋ ಬ್ಯಾಡೋ?

ಭೀಮಾ ದಂಡಿ (ಅಫಜಲಪುರ): ಈಗ ಎಲ್ಲಾ ಕಡಿ ಒಂದೇ ಮಾತು, ಎರಡು ವರ್ಷದ ಕೂಸಿಗೂ ಫ್ಲೋರೈಡ್ ಪೇಸ್ಟ್ ಹಚ್ಚಿ ಹಲ್ಲು ತಿಕ್ರಿ ಅಂತ. ಉಗುಳ್ಲಾಕ ಬರಲಾರದ ಕೂಸು ಆ ಪೇಸ್ಟ್ ಏನ್ ಮಾಡ್ತದ? ನುಂಗ್ತದ. ಮೂರು ವರ್ಷದ ತನಕ ಬರೇ ಬ್ರಷ್, ಬರೇ ನೀರು ಸಾಕು. ಅಲ್ಲ ಅನ್ನೋರು ಕಾರಣ ಹೇಳ್ರಿ.

ದವಡೆ ಡಾಕ್ಟರ್ (ಕಲಬುರಗಿ): ಲೆಕ್ಕ ಹಾಕಿ ಮಾತಾಡೋಣ. ನಮ್ಮ ದೇಶದ ನಿಯಮದ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ದಾಟುವಂತಿಲ್ಲ, ಎಷ್ಟಿದೆ ಅಂತ ಟ್ಯೂಬಿನ ಮೇಲೆ ಬರೆದಿರಲೇಬೇಕು. 1000 ಪಿಪಿಎಂ ಅಂದರೆ ಒಂದು ಗ್ರಾಂ ಪೇಸ್ಟಿಗೆ 1 ಮಿಲಿಗ್ರಾಂ. ಮೊದಲ ಹಲ್ಲು ಮೂಡಿದಾಗಿನಿಂದ ಮೂರು ವರ್ಷದವರೆಗೆ ಹಾಕಬೇಕಾದ್ದು ಅಕ್ಕಿ ಕಾಳಿನಷ್ಟು, ಸುಮಾರು 0.1 ಗ್ರಾಂ. ಪೂರ್ತಿ ನುಂಗಿದರೂ ಹೊಟ್ಟೆಗೆ ಹೋಗೋದು 0.1 ಮಿಲಿಗ್ರಾಂ ಫ್ಲೋರೈಡ್. ಮೂರರಿಂದ ಆರು ವರ್ಷಕ್ಕೆ ಬಟಾಣಿ ಕಾಳಿನಷ್ಟು, ಸುಮಾರು 0.25 ಗ್ರಾಂ. ವಿಷದ ಮಟ್ಟ ಅಂತ ಹಿಡಿಯೋದು ಪ್ರತಿ ಕೆಜಿ ತೂಕಕ್ಕೆ 5 ಮಿಲಿಗ್ರಾಂ. ಹತ್ತು ಕೆಜಿ ಕೂಸಿಗೆ ಅದು 50 ಮಿಲಿಗ್ರಾಂ, ಅಂದರೆ 100 ಗ್ರಾಂ ಟ್ಯೂಬಿನ ಅರ್ಧ. ಹೆದರಬೇಕಾದ್ದು ಬ್ರಷ್ ಮೇಲಿನ ಪೇಸ್ಟಿಗಲ್ಲ, ಸ್ಟ್ರಾಬೆರಿ ವಾಸನೆ ಹೊಡೆಯೋ ಟ್ಯೂಬು ಕೂಸಿನ ಕೈಗೆ ಸಿಗೋದಕ್ಕೆ.

ತೊಗರಿ ಕಣ (ಚಿತ್ತಾಪುರ): "ಅಕ್ಕಿ ಕಾಳಿನಷ್ಟು" ಯಾರ ಮನಿಯಾಗ ಹಾಕ್ತಾರ್ರಿ? ಜಾಹೀರಾತಿನಾಗ ಬ್ರಷ್ ಈ ತುದಿಯಿಂದ ಆ ತುದಿ ತನಕ ಪೇಸ್ಟ್ ಮಲಗಿರ್ತದ. ಮಂದಿ ಅದನ್ನೇ ನೋಡಿ ಹಚ್ಚೋದು. ಅದು ಒಂದು ಗ್ರಾಂ ಹತ್ರ ಆಗ್ತದ, ನೀವು ಹೇಳಿದ್ದರ ಹತ್ತು ಪಟ್ಟು. ಟ್ಯೂಬ್ ಹಿಚುಕಿದ್ರ ಅಳತಿ ತಪ್ಪೇ ತಪ್ತದ. ಟ್ಯೂಬಿನ ಬಾಯಿಗೆ ಬ್ರಷ್ ಮುಟ್ಟಿಸಿ ಒರಸ್ಬೇಕು, ಆಮ್ಯಾಲ ಬೆರಳಿಲೆ ಕೂದಲೊಳಗ ಒತ್ತಬೇಕು. ಮ್ಯಾಲೇ ಬಿಟ್ರ ಮೊದಲ್ನೇ ತಿಕ್ಕಿಗೇ ಗಂಟಾಗಿ ನಾಲಿಗಿ ಮ್ಯಾಲ ಬೀಳ್ತದ, ಕೂಸು ಮಿಠಾಯಿ ಅಂತ ನುಂಗ್ತದ.

ಭೀಮಾ ದಂಡಿ: "ಪೂರ್ತಿ ನುಂಗಿದರೂ" ಅಂದ್ರಲ್ಲ ಡಾಕ್ಟರ್ರೇ, ನುಂಗ್ತದ ಅಂತ ನೀವೇ ಒಪ್ಪಿದ್ರಿ. ಒಂದೇ ದಿನಕ್ಕ ವಿಷ ಏರ್ತದೇನು ಅಂತ ಯಾರೂ ಕೇಳಿಲ್ಲ. ದಿನಾ ನುಂಗಿದ್ರ ಏನಾಗ್ತದ ಅದು ಹೇಳ್ರಿ. ಮುಂದಿನ ಮ್ಯಾಲಿನ ಕಾಯಂ ಹಲ್ಲು ಒಸಡಿನೊಳಗ ತಯಾರಾಗೋ ಹೊತ್ತಿನಾಗ, ಒಂದೂಕಾಲು ವರ್ಷದಿಂದ ಎರಡೂವರಿ ತನಕ, ಹೆಚ್ಚಿನ ಫ್ಲೋರೈಡ್ ಹೊಟ್ಟಿಗಿ ಹೋದ್ರ ಹಲ್ಲಿನ ಮ್ಯಾಲ ಬಿಳಿ ಗೆರಿ ಬೀಳ್ತಾವ. ಅದು ಕಾಣೋದು ಏಳೆಂಟು ವರ್ಷಕ್ಕ ಹಲ್ಲು ಹೊರಗ ಬಂದ ಮ್ಯಾಲ. ಆವಾಗ ನಿಮ್ಮ ಅಕ್ಕಿ ಕಾಳು ಯಾರಿಗಿ ತೋರ್ಸೋದು?

ಬೋರಿನ ಬಾಯಿ (ಶಹಾಪುರ): ಗೆರಿ ಬೀಳೋದು ಪೇಸ್ಟಿನಿಂದ ಅಂತ ಕೂತಿರೇನು? ಮೊದಲು ಕೊಡಪಾನ ನೋಡ್ರಿ. ಯಾದಗಿರಿ, ಕಲಬುರಗಿ ಕಡಿ ಎಷ್ಟೋ ಹಳ್ಳಿ ಬೋರಿನಾಗ ಫ್ಲೋರೈಡ್ ಜಾಸ್ತಿ ಅದ. ಕುಡಿಯೋ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಚಲೋ, ಬ್ಯಾರೆ ನೀರೇ ಇಲ್ಲಂದ್ರ 1.5 ತನಕ ನಡೀತದ ಅಂತದ ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500. ಆ 1.5ರ ನೀರು ಕೂಸು ದಿನಕ್ಕ ಒಂದು ಲೀಟರ್ ಕುಡುದ್ರ ಒಂದೂವರಿ ಮಿಲಿಗ್ರಾಂ. ಎರಡು ಹೊತ್ತಿನ ಪೇಸ್ಟ್ ಪೂರಾ ನುಂಗಿದ್ರೂ 0.2. ಏಳು ಪಟ್ಟಿಗಿಂತ ಜಾಸ್ತಿ ನೀರಿಂದೇ.

ಕೋಟಿ ಹುಡುಗ (ಬೀದರ): ಅದಕ್ಕ ಇಷ್ಟ್ಯಾಕ ಗದ್ದಲ? ನೀರು ಚಂದಂಗ ಕುದಿಸಿ ಆರಿಸಿ ಕೊಡ್ರಿ, ಮುಗೀತು.

ಬೋರಿನ ಬಾಯಿ: ಕುದಿಸಿದ್ರ ಫ್ಲೋರೈಡ್ ಹೋಗಂಗಿಲ್ಲ ಅಣ್ಣಾ. ನೀರು ಆವಿ ಆಗಿ ಹೋಗ್ತದ, ಅದು ತಳದಾಗೇ ಉಳೀತದ. ಎರಡು ಲೀಟರ್ ಕುದಿಸಿ ಒಂದು ಲೀಟರಿಗಿ ಇಳಿಸಿದ್ರ ಲೀಟರಿಗಿ ಎರಡು ಪಟ್ಟಾಯ್ತು.

ಕೋಟಿ ಹುಡುಗ: ಹಂಗಾದ್ರ ಪಟಕ ಹಾಕಿ ತಿರುವ್ರಿ. ನಲಗೊಂಡ ಪದ್ಧತಿ ಅಂತ ಅದಕ್ಕ ಹೆಸರೇ ಅದ.

ಬೋರಿನ ಬಾಯಿ: ಹೆಸರು ಗೊತ್ತದ, ಪದ್ಧತಿ ಗೊತ್ತಿಲ್ಲ ನಿಮಗ. ನಲಗೊಂಡ ಪದ್ಧತಿಯಾಗ ಪಟಕದ ಸಂಗಟ ಸುಣ್ಣಾನೂ ಬೇಕು. ನೀರಿನ ಫ್ಲೋರೈಡ್ ಎಷ್ಟು, ಕ್ಷಾರ ಎಷ್ಟು ಅಂತ ತಪಾಸಣಿ ಮಾಡಿಸಿ ಅಳತಿ ಹಾಕ್ಬೇಕು. ಆಮ್ಯಾಲ ತಿರುವಿ, ಗಸಿ ಕೂಡೋ ತನಕ ಕಾದು, ಮ್ಯಾಲಿನ ತಿಳಿ ಬಸೀಬೇಕು. ಕೊಡದಾಗ ಒಂದು ಹಳ್ಳು ಪಟಕ ತಿರುವಿದ್ರ ರಾಡಿ ಕೂಡ್ತದ, ಫ್ಲೋರೈಡ್ ಅಲ್ಲೇ ಇರ್ತದ. ಮ್ಯಾಲ ಪಟಕ ಹೆಚ್ಚಾದ್ರ ಅಲ್ಯುಮಿನಿಯಂ ಕುಡಿದಂಗ. ತಿಳಿದವರು ಮಾತಾಡ್ಲಿ.

ಕೋಟಿ ಹುಡುಗ: ಮರ್ಯಾದಿ ಕೊಟ್ಟು ಮಾತಾಡ್ರಿ. "ಒಂದು ಹಳ್ಳು" ಅಂತ ನಾ ಎಲ್ಲಿ ಬರದೀನಿ?

ಭೀಮಾ ದಂಡಿ: ನೀರಿನಾಗೇ ಅಷ್ಟು ಅದ ಅಂದ ಮ್ಯಾಲ ಪೇಸ್ಟಿನಾಗ ಮತ್ತ ಯಾಕ ಸುರೀಬೇಕು? ನನ್ನ ಮಾತೇ ಆಯ್ತಲ್ಲ!

ದವಡೆ ಡಾಕ್ಟರ್: ಆಗಲಿಲ್ಲ. ಪೇಸ್ಟಿನ ಫ್ಲೋರೈಡ್ ಕೆಲಸ ಮಾಡೋದು ಹಲ್ಲಿನ ಮೇಲೆ, ಹೊಟ್ಟೆಯಲ್ಲಿ ಅಲ್ಲ. ಆಮ್ಲ ತಿಂದು ಹಾಕಿದ ಖನಿಜ ಹಲ್ಲಿಗೆ ಮರಳಿ ಕೂಡೋಕೆ ಅದು ಬಾಯಲ್ಲಿ ಹೊತ್ತು ಹೊತ್ತಿಗೆ ಇರಬೇಕು. ಬರೀ ನೀರಲ್ಲಿ ತಿಕ್ಕಿದರೆ ಕೊಳೆ ಹೋಗುತ್ತೆ, ಆ ರಕ್ಷಣೆ ಸಿಗಲ್ಲ. ನೀರಿನ ವರದಿ 1.5 ದಾಟಿದ್ದರೆ ಎರಡು ವರ್ಷದ ಕೂಸಿಗೆ ಯಾವ ಪೇಸ್ಟ್ ಅನ್ನೋದನ್ನ ವರದಿ, ಹುಳುಕು ಎರಡೂ ನೋಡಿ ಹೇಳಬೇಕು. ಭೀಮಾ, ಬೆಣ್ಣೆತೊರಾ ಜಲಾಶಯದ ನಳದ ನೀರು ಕುಡಿಯೋ ಕಲಬುರಗಿ ಕೂಸಿಗೂ ಬೋರಿನ ಕೂಸಿಗೂ ಒಂದೇ ಚೀಟಿ ಬರೆಯಕ್ಕಾಗಲ್ಲ.

ಭೀಮಾ ದಂಡಿ: "ಒಂದೇ ಚೀಟಿ ಬರೆಯಕ್ಕಾಗಲ್ಲ." ಇದನ್ನೇ ಮೊದಲಿಗೇ ಹೇಳಿದ್ರ ಇಷ್ಟು ಟೈಪ್ ಮಾಡೋದು ಉಳೀತಿತ್ತು.

ಅಂಗನವಾಡಿ ಅಕ್ಕೋರು (ಸೇಡಂ): ಎಲ್ಲಾರೂ ನೀರಿನಾಗೇ ಮುಳುಗೀರಿ, ತಿಕ್ಕೋದು ಹೆಂಗ ಅಂತ ಒಬ್ರೂ ಬರೀಲಿಲ್ಲ. ಕೂಸಿನ ಹಿಂದ ಕೂಡ್ರಿ, ತಲಿ ನಿಮ್ಮ ಎದಿಗೆ ಒರಗಿಸ್ರಿ. ಒಂದು ಬೆರಳಿಲೆ ತುಟಿ ಎತ್ರಿ, ಹಲ್ಲು ಒಸಡು ಕೂಡೋ ಗೆರಿ ಮ್ಯಾಲ ಮೆಲ್ಲಕ ಸಣ್ಣ ಸುತ್ತು ಹಾಕ್ರಿ. ಮುಖ ತುಸು ಕೆಳಗ ಬಗ್ಗಿರ್ಲಿ, ಅಂದ್ರ ನೊರಿ ಮುಂದಕ್ಕ ಬರ್ತದ, ಮುಖ ಮ್ಯಾಲ ಎತ್ತಿದ್ರ ಗಂಟಲಿಗೇ ಇಳೀತದ. ಉಗುಳ್ಲಾಕ ಬರಲಿಲ್ಲಂದ್ರ ಹಸಿ ಬಟ್ಟಿಲೆ ಒರಸ್ರಿ. ನೀರು ಹಾಕಿ ಮುಕ್ಕಳಿಸ್ಲಾಕ ಹಚ್ಚಬ್ಯಾಡ್ರಿ, ಸಣ್ಣ ಕೂಸು ನೀರಿನ ಸಂಗಟ ಪೇಸ್ಟೂ ನುಂಗ್ತದ. ಉಗುಳೋದು ಕಲಸೋದು ಬ್ಯಾರೆ ಹೊತ್ತಿನಾಗ, ಬಚ್ಚಲದಾಗ ಬರೇ ನೀರಿಲೆ, ಆಟದಂಗ. ರಾತ್ರಿ ತಿಕ್ಕಿದ ಮ್ಯಾಲ ಹಾಲಿನ ಬಾಟ್ಲಿ ಇಲ್ಲ. ಏಳೆಂಟು ವರ್ಷದ ತನಕ ಕೊನಿ ಕೈ ದೊಡ್ಡವರ್ದೇ ಇರ್ಬೇಕು.

ತೊಗರಿ ಕಣ: "ಮುಕ್ಕಳಿಸಬ್ಯಾಡ್ರಿ" ಅಂದ್ರ ಹೆಂಗ್ರಿ ಅಕ್ಕೋರೆ, ಬಾಯಿ ತೊಳೀಲಾರದ ಉಣಿಸ್ಬೇಕೇನು? ಇದಕ್ಕಿಂತ ಬೇವಿನ ಕಡ್ಡಿ ಚಲೋ.

ಅಂಗನವಾಡಿ ಅಕ್ಕೋರು: ಒರಸ್ರಿ ಅಂತ ಬರದೀನಿ, ಓದ್ರಿ. ಎರಡು ವರ್ಷದ ಕೂಸಿನ ಬಾಯಾಗ ಕಡ್ಡಿ ಕೊಟ್ರ ಒಸಡು ಚುಚ್ತದ, ಸೀಳು ಗಂಟಲಿಗಿ ಹೋಗ್ತದ. ಕೆಂಪು ಹಲ್ಲಪುಡಿನೂ ಬ್ಯಾಡ, ಉಸುಕಿನಂಗ ಹಲ್ಲು ಸವಸ್ತದ.

ದವಡೆ ಡಾಕ್ಟರ್: ಇನ್ನೊಂದು. ಕೂಸು ಟ್ಯೂಬು ಚೀಪಿದ್ದು ಕಂಡರೆ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಬಾಯಿ ಒರೆಸಿ, ಹಾಲು ಇಲ್ಲಾ ಮೊಸರು ಕೊಡಿ. ಅದರ ಕ್ಯಾಲ್ಶಿಯಂ ಫ್ಲೋರೈಡನ್ನ ಹಿಡಿದುಕೊಳ್ಳುತ್ತೆ. ಬಹಳ ತಿಂದಿದ್ದರೆ, ಅಥವಾ ಮೇಲಿಂದ ಮೇಲೆ ವಾಂತಿ, ಹೊಟ್ಟೆನೋವು ಇದ್ದರೆ ಆಸ್ಪತ್ರೆಗೆ. ಟ್ಯೂಬನ್ನೂ ಒಯ್ಯಿರಿ, ಪಿಪಿಎಂ ನೋಡಿ ಎಷ್ಟು ಹೋಗಿದೆ ಅಂತ ಲೆಕ್ಕ ಹಾಕ್ತಾರೆ.

ಕೋಟಿ ಹುಡುಗ: ಅದೆಲ್ಲಾ ಇರ್ಲಿ. ನೀರು ಕುದಿಸಿದ್ರ ಕ್ರಿಮಿ ಸಾಯ್ತಾವೋ ಇಲ್ಲೋ, ಅಷ್ಟು ಹೇಳ್ರಿ.

ಬೋರಿನ ಬಾಯಿ: ಸಾಯ್ತಾವ. ಫ್ಲೋರೈಡ್ ಕ್ರಿಮಿ ಅಲ್ಲ.

ಕೋಟಿ ಹುಡುಗ: ಮತ್ತ ಕುದಿಸಬ್ಯಾಡ್ರಿ ಅಂತ ಯಾಕಂದ್ರಿ?