ಲ್ಯಾಪ್‌ಟಾಪ್ ಬೋರ್ಡಿನಿಂದ ಚಾರ್ಜಿಂಗ್ ಲೈಟ್ ಕಿತ್ತುಬಂದಿದೆ, ಲೈಟ್ ಮಾತ್ರ ಹಾಕಿಸಬಹುದಾ?

ಶಿಡ್ಲಘಟ್ಟ_ಲೆಕ್ಕದಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ. ಗೂಡು ತಂದ ಲೆಕ್ಕ, ನೂಲು ಕೊಟ್ಟ ಲೆಕ್ಕ, ಕೂಲಿ ಲೆಕ್ಕ ಎಲ್ಲಾ ನನ್ನ ಲ್ಯಾಪ್‌ಟಾಪಿನಲ್ಲೇ. ಹಳೇದು, ಆದರೆ ಗಟ್ಟಿ. ಮೊನ್ನೆ ಮೇಜಿನಿಂದ ಮೂಲೆ ಕೆಳಗಾಗಿ ಬಿತ್ತು. ಸ್ಕ್ರೀನ್, ಕೀಬೋರ್ಡ್, ಚಾರ್ಜಿಂಗ್ ಎಲ್ಲಾ ಸರಿ ಇದೆ. ಚಾರ್ಜರ್ ಪಿನ್ ಪಕ್ಕದ ಚಿಕ್ಕ ಲೈಟ್ ಮಾತ್ರ ಹೋಯಿತು. ಚಾರ್ಜ್ ಆಗುವಾಗ ಕಿತ್ತಳೆ, ತುಂಬಿದ ಮೇಲೆ ಬಿಳಿ ಬರುತ್ತಿತ್ತು.

ನನ್ನ ಮೈದುನ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುತ್ತಾನೆ. ಅವನೇ ತಳ ಬಿಚ್ಚಿ ನೋಡಿದ. ಬೋರ್ಡಿನ ಅಂಚಿನಲ್ಲಿ ಲೈಟ್ ಇದ್ದ ಕಡೆ ಮೂರು ಬೆಸುಗೆ ಚುಕ್ಕೆ ಮಾತ್ರ ಉಳಿದಿವೆ. ಕಿತ್ತ ಲೈಟ್ ಒಳಗೇ ಸಿಕ್ಕಿತು, ಎರಡು ಚೂರಾಗಿ. ಒಂದು ಅಂಗಡಿಯಲ್ಲಿ ಕೇಳಿದರೆ "ಲೈಟ್ ಮಾತ್ರ ಹಾಕೋಕಾಗಲ್ಲ, ಬೋರ್ಡೇ ಬದಲಿಸಬೇಕು, ಒಂಬತ್ತು ಸಾವಿರ" ಎಂದರು. ನಿಜಾನಾ?

ಇಷ್ಟು ಚಿಕ್ಕ ಲೈಟಿಗೆ ಯಾಕೆ ಒದ್ದಾಟ ಅನ್ನಬೇಡಿ. ನಾನು ಘಟಕದಲ್ಲಿ ಓಡಾಡುವಾಗ ಅದನ್ನು ಮುಚ್ಚಿಟ್ಟು ಚಾರ್ಜಿಗೆ ಹಾಕಿರುತ್ತೇನೆ. ಕರೆಂಟ್ ಹೋಗುತ್ತದೆ, ಬರುತ್ತದೆ. ದೂರದಿಂದಲೇ ಲೈಟ್ ನೋಡಿ ತಿಳಿದುಕೊಳ್ಳುತ್ತಿದ್ದೆ.

ಚಿಂತಾಮಣಿ_ಹುಡುಗ:

ಅಕ್ಕ, ಸುಮ್ನೆ ಬಿಟ್ಟುಬಿಡಿ. ಅಡಾಪ್ಟರ್ ಡಬ್ಬಿ ಮೇಲೂ ಒಂದು ಲೈಟ್ ಇರುತ್ತದೆ ಅಲ್ವಾ, ಅದನ್ನೇ ನೋಡಿ. ಹಳೇ ಬೋರ್ಡಿಗೆ ಬಿಸಿ ತೋರಿಸಿದರೆ ಇರೋದೂ ಹೋಗುತ್ತದೆ.

ಬಿಬಿರೋಡ್_ಬೆಸುಗೆ:

ಚಿಕ್ಕಬಳ್ಳಾಪುರದಲ್ಲಿ ನನ್ನದು ರಿಪೇರಿ ಟೇಬಲ್. ಮೊದಲು ಹುಡುಗನಿಗೆ ಒಂದು ಮಾತು. ಅಡಾಪ್ಟರ್ ಮೇಲಿನ ಲೈಟ್ ಹೇಳುವುದು ಅಡಾಪ್ಟರಿಗೆ ಕರೆಂಟ್ ಬಂತು ಅಂತ ಮಾತ್ರ. ಪಿನ್ ಸಡಿಲವಾಗಿದ್ದರೂ ಅದು ಉರಿಯುತ್ತಲೇ ಇರುತ್ತದೆ. ಅಕ್ಕ ಕೇಳುತ್ತಿರುವುದು ಬೇರೆ.

ಅಕ್ಕ, ಬೋರ್ಡ್ ಬದಲಿಸುವ ಮಾತೇ ಬೇಡ. ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿದೆ ಅಂದರೆ ಬೋರ್ಡ್ ಜೀವಂತ ಇದೆ. ಆದರೆ ಲೈಟ್ ತರುವ ಮೊದಲು ಅದಕ್ಕೆ ವೋಲ್ಟೇಜ್ ಬರುತ್ತಿದೆಯಾ ನೋಡಲೇಬೇಕು. ಇದನ್ನು ಬಿಟ್ಟು ನೇರ ಬೆಸುಗೆ ಐರನ್ ಹಿಡಿಯುವವರೇ ಜಾಸ್ತಿ. ಹೊಸ ಲೈಟ್ ಹಾಕಿ, ಅದೂ ಉರಿಯದೆ, ಆಮೇಲೆ "ಬೋರ್ಡ್ ಹೋಗಿದೆ" ಅನ್ನುತ್ತಾರೆ.

ನಿಮ್ಮದು ಒಂದೇ ಡಬ್ಬಿಯಲ್ಲಿ ಎರಡು ಬಣ್ಣದ ಎಲ್‌ಇಡಿ. ಮೂರು ಚುಕ್ಕೆಯಲ್ಲಿ ಒಂದು ಎರಡೂ ಬಣ್ಣಕ್ಕೆ ಸೇರಿದ್ದು, ಸಾಮಾನ್ಯವಾಗಿ ಪ್ಲಸ್. ಉಳಿದೆರಡು ಒಂದೊಂದು ಬಣ್ಣಕ್ಕೆ. ಇಸಿ ಅನ್ನುವ ಚಿಕ್ಕ ಚಿಪ್ ಯಾವ ಬಣ್ಣ ಬೇಕೋ ಆ ಕಾಲನ್ನು ಮೈನಸ್‌ಗೆ ಎಳೆಯುತ್ತದೆ, ನಡುವೆ ಕರೆಂಟನ್ನು ಮಿತಿಯಲ್ಲಿಡುವ ಒಂದು ರೆಸಿಸ್ಟರ್ ಇರುತ್ತದೆ. ಹಾಗಾಗಿ ಮೈದುನನ ಮಲ್ಟಿಮೀಟರ್ ಸಾಕು. ಡಿಸಿ ವೋಲ್ಟೇಜಿಗೆ ಇಟ್ಟು, ಕೆಂಪು ಪ್ರೋಬ್ ಎರಡೂ ಬಣ್ಣಕ್ಕೆ ಸೇರಿದ ಚುಕ್ಕೆಗೆ, ಕಪ್ಪು ಒಂದೊಂದೇ ಬಣ್ಣದ ಚುಕ್ಕೆಗೆ. ಎಲ್‌ಇಡಿ ಇಲ್ಲದ್ದರಿಂದ ಕರೆಂಟ್ ಹರಿಯುವುದಿಲ್ಲ, ರೆಸಿಸ್ಟರಿನಲ್ಲಿ ಏನೂ ಇಳಿಯುವುದಿಲ್ಲ. 3.3 ಅಥವಾ 5 ವೋಲ್ಟ್ ಹತ್ತಿರ ಪೂರ್ತಿ ತೋರಿಸಿದರೆ ದಾರಿ ಸರಿ ಇದೆ. ಬ್ಯಾಟರಿ ಅರ್ಧ ಇದ್ದಾಗ ಒಮ್ಮೆ, ತುಂಬಿದ ಮೇಲೆ ಒಮ್ಮೆ ನೋಡಿ. ತುಂಬಿದ ಬ್ಯಾಟರಿಯಲ್ಲಿ ಕಿತ್ತಳೆ ಹುಡುಕಿದರೆ ಸಿಗುವುದಿಲ್ಲ. ಮೋಟಾರಿನ ದಪ್ಪ ಪ್ರೋಬ್ ಇಲ್ಲಿ ಬೇಡ, ಎರಡು ಚುಕ್ಕೆ ಸೇರಿಸಿಬಿಡುತ್ತದೆ. ಪ್ರೋಬಿಗೆ ಹೊಲಿಗೆ ಸೂಜಿ ಕಟ್ಟಿ.

ಇನ್ನೊಂದು. ನಿಮ್ಮ ಘಟಕದಲ್ಲಿ ಗೂಡು ಬೇಯಿಸುವ ಹಬೆ ಇರುತ್ತದೆ. ಆ ಮೂಲೆಯಲ್ಲಿ ಹಸಿರು ಕಿಲುಬು ಕಟ್ಟಿದೆಯಾ ನೋಡಿ ಹೇಳಿ. ಶಿಡ್ಲಘಟ್ಟದಿಂದ ಬರುವ ಬೋರ್ಡುಗಳಲ್ಲಿ ನನಗೆ ಅದು ಆಗಾಗ ಸಿಗುತ್ತದೆ.

ಗೌರಿಬಿದನೂರು_ಡಿಪ್ಲೊಮಾ:

ಇಷ್ಟೆಲ್ಲಾ ಯಾಕೆ? 3 ಮಿಮೀ ಎರಡು ಬಣ್ಣದ ಎಲ್‌ಇಡಿ ಸಿಗುತ್ತದೆ. ಮೂರು ವೈರ್ ಎಳೆದು, ಅಂಟು ಹಾಕಿ ಕೂರಿಸಿದರೆ ಆಯಿತು.

ಬಿಬಿರೋಡ್_ಬೆಸುಗೆ:

ಉರಿಯುತ್ತದೆ ತಮ್ಮ, ಇಲ್ಲ ಅನ್ನಲ್ಲ. ಆದರೆ ಎಲ್ಲಿ ಕೂರಿಸುತ್ತೀಯ? ಆ ಮೂಲೆಯಲ್ಲಿ ಬೋರ್ಡಿಗೂ ತಳಕ್ಕೂ 3 ಮಿಮೀ ಜಾಗ ಸಿಕ್ಕರೆ ದೊಡ್ಡದು. ಸಿಕ್ಕರೂ ಕೇಸ್ ಒಳಗೆ ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿ ಇರುತ್ತದೆ, ಬೆಳಕನ್ನು ಹೊರಗೆ ತರುವುದು ಅದೇ. ಎಲ್‌ಇಡಿ ಅದಕ್ಕೆ ನೇರ ಮುಖ ಮಾಡಿರಬೇಕು. ಒಂದು ಮಿಮೀ ಆಚೀಚೆ ಆದರೂ ಹೊರಗೆ ಮಂಕು.

ಅದಕ್ಕೇ ಅಂಚಿನ ಲೈಟುಗಳಲ್ಲಿ ಬಹಳಷ್ಟು ಪಕ್ಕಕ್ಕೆ ಬೆಳಕು ಬಿಡುವ ಜಾತಿ. ಮೇಲಕ್ಕೆ ಬಿಡುವ, 0603 ಅಳತೆಯ ಮಾಮೂಲಿ ಎಲ್‌ಇಡಿ ಹಾಕಿದರೆ ಕೀಬೋರ್ಡ್ ಕೆಳಗೆ ದೀಪಾವಳಿ, ಹೊರಗೆ ಕತ್ತಲೆ. ಅಕ್ಕ, ಆ ಎರಡು ಚೂರು ಬಿಸಾಡಬೇಡಿ. ಹಳದಿ ಕಾಣುವ ಮುಖ ಯಾವ ಕಡೆ ಇದೆ, ಉದ್ದ ಎಷ್ಟು, ಎಲ್ಲಾ ಅದರಿಂದಲೇ ತಿಳಿಯಬೇಕು. ಆ ಹಳದಿ ಇರುವುದು ಬಿಳಿ ಬೆಳಕಿನ ಭಾಗದ ಮೇಲೆ. ಬಿಳಿ ಎಲ್‌ಇಡಿ ಒಳಗೆ ಇರುವುದು ನೀಲಿ, ಮೇಲೆ ಹಳದಿ ಪುಡಿ ಬಳಿದಿರುತ್ತಾರೆ. ಆ ನೀಲಿ ಮಾಡಿದ್ದಕ್ಕೇ 2014ರಲ್ಲಿ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ನಾವು ಅದನ್ನು ಚಿಮಟದಲ್ಲಿ ಹಿಡಿದು ನೆಲದ ಮೇಲೆ ಬೀಳಿಸಿ ಹುಡುಕುತ್ತೇವೆ.

ಶಿಡ್ಲಘಟ್ಟ_ಲೆಕ್ಕದಕ್ಕ:

ಸೂಜಿ ಕಟ್ಟಿ ನೋಡಿದೆವು ಅಣ್ಣ. ಬ್ಯಾಟರಿ ತುಂಬಿದಾಗ ಬಿಳಿ ಕಡೆ 4.9 ವೋಲ್ಟ್ ಬಂತು. ಅರ್ಧ ಇದ್ದಾಗ ಕಿತ್ತಳೆ ಕಡೆ ಸೊನ್ನೆ. ಕಿಲುಬು ಸ್ವಲ್ಪ ಇದೆ, ಸ್ಕ್ರೂ ಹತ್ತಿರ ಮಾತ್ರ. ಮತ್ತೆ ಪಕ್ಕದಲ್ಲಿ ಇನ್ನೊಂದು ಸಣ್ಣ ಖಾಲಿ ಜಾಗ ಇದೆ, ಎರಡು ಹೊಳೆಯುವ ಚುಕ್ಕೆ. ಅದರ ಪಕ್ಕದಲ್ಲೇ ಅದೇ ಅಳತೆಯ ಕಪ್ಪು ತುಂಡು ಕೂತಿದೆ, ಮೇಲೆ 102 ಎಂದು ಬರೆದಿದೆ. ಚೂರುಗಳು ಕುಂಕುಮದ ಡಬ್ಬಿಯಲ್ಲಿವೆ.

ಬಿಬಿರೋಡ್_ಬೆಸುಗೆ:

ಸಿಕ್ಕಿತು ಅನ್ನಿಸುತ್ತೆ. ಬಿದ್ದ ಏಟಿಗೆ ಕಿತ್ತಳೆಯ ರೆಸಿಸ್ಟರೂ ಹಾರಿಹೋಗಿದೆ. ಲೈಟ್ ಮಾತ್ರ ಹಾಕಿದ್ದರೆ ಬಿಳಿ ಉರಿದು ಕಿತ್ತಳೆ ಉರಿಯುತ್ತಿರಲಿಲ್ಲ. ಖಾಲಿ ಜಾಗದ ಒಂದು ಚುಕ್ಕೆಯಿಂದ ಕಿತ್ತಳೆ ಚುಕ್ಕೆಗೆ ಮೀಟರ್ ಬೀಪ್ ಬಂದರೆ ಖಾತ್ರಿ. ಇದನ್ನು ಬ್ಯಾಟರಿ ಕನೆಕ್ಟರ್, ಅಡಾಪ್ಟರ್ ಎರಡೂ ತೆಗೆದು ಮಾಡಿ.

102 ಅಂದರೆ 10ರ ಮುಂದೆ ಎರಡು ಸೊನ್ನೆ, 1000 ಓಮ್. ಲೆಕ್ಕ ನಿಮಗೆ ಗೊತ್ತು, ನೋಡಿ: 5 ವೋಲ್ಟಿನಲ್ಲಿ ಬಿಳಿ ಸುಮಾರು 3 ತಿನ್ನುತ್ತದೆ. ಉಳಿದ 2 ವೋಲ್ಟ್ 1000 ಓಮಿನಲ್ಲಿ, ಅಂದರೆ 2 ಮಿಲಿಆಂಪ್. ಕಿತ್ತಳೆ ತಿನ್ನುವುದು ಸುಮಾರು 2, ಉಳಿಯುವುದು 3. ಅಲ್ಲಿ 1500 ಓಮ್ ಹಾಕಿದರೆ ಎರಡೂ ಒಂದೇ ಸಮ. 1000 ಹಾಕಿದರೂ ಏನೂ ಸುಡುವುದಿಲ್ಲ, ಕಿತ್ತಳೆ ತುಸು ಜಾಸ್ತಿ ಹೊಳೆಯುತ್ತದೆ.

ಬೆಸುಗೆ ಮಾತ್ರ ಮೈದುನನ ಐರನ್‌ನಲ್ಲಿ ಬೇಡ. ಅದು ಮೋಟಾರ್ ವೈರಿಗೆ ಸರಿ, ಇಲ್ಲಿ ಪ್ಯಾಡ್, ಅಂದರೆ ಚುಕ್ಕೆಯ ಕೆಳಗಿನ ತಾಮ್ರವನ್ನೇ, ಎತ್ತಿಬಿಡುತ್ತದೆ. ಆಗ ಬೋರ್ಡಿನ ತಾಮ್ರದ ಗೆರೆ ಕೆರೆದು ಅದಕ್ಕೆ ಸಣ್ಣ ವೈರ್ ಎಳೆಯುವ ಕೆಲಸ ಬೀಳುತ್ತದೆ. ಬೋರ್ಡಿನ ಬೆಸುಗೆಯಲ್ಲಿ ಸೀಸ ಇರುವುದಿಲ್ಲ, ಕರಗಲು 217 ಡಿಗ್ರಿ ದಾಟಬೇಕು. ನಾನು ಮೊದಲು ಸೀಸದ ಬೆಸುಗೆ ಸೇರಿಸುತ್ತೇನೆ, ಅದು 183ಕ್ಕೇ ಕರಗುವುದರಿಂದ ಹಳೇದೂ ಬೇಗ ಸಡಿಲವಾಗುತ್ತದೆ. ಸಣ್ಣ ತುದಿಯ ಐರನ್, ಒಂದು ಕಾಲಿಗೆ ಮೂರು ಸೆಕೆಂಡಿಗಿಂತ ಜಾಸ್ತಿ ಇಲ್ಲ. ಬಿಸಿ ಗಾಳಿ ಹೊಡೆದರೆ ಪಕ್ಕದ ಚಾರ್ಜಿಂಗ್ ಪಿನ್ನಿನ ಪ್ಲಾಸ್ಟಿಕ್ ಬಾಗುತ್ತದೆ.

ಎರಡು ಬಣ್ಣದ, ಪಕ್ಕಕ್ಕೆ ಬೆಳಕು ಬಿಡುವ ಎಲ್‌ಇಡಿ ಬಿಡಿಯಾಗಿ ಹುಡುಕಿದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಅಳತೆ ಸರಿಹೊಂದುವುದು ಕಷ್ಟ. ನನ್ನ ಹತ್ತಿರ ಗುಜರಿ ಬೋರ್ಡುಗಳಿವೆ. ನಿಮ್ಮ ಬೋರ್ಡಿನ ಮೇಲೆ ಎಲ್‌ಎ ಎಂದು ಶುರುವಾಗುವ ನಂಬರ್ ಇದೆಯಾ? ಅದನ್ನು ಹಾಕಿ. ಅದೇ ಕುಟುಂಬದ್ದು ಸಿಕ್ಕರೆ ಎಲ್‌ಇಡಿ, ರೆಸಿಸ್ಟರ್ ಎರಡೂ ಅದರಿಂದಲೇ ತೆಗೆಯುತ್ತೇನೆ.

ಚಿಂತಾಮಣಿ_ಹುಡುಗ:

ಅಣ್ಣ, ಖರ್ಚು ಎಷ್ಟಾಗುತ್ತೆ ಅಂತ ಹೇಳಲೇ ಇಲ್ಲ.

ಬಿಬಿರೋಡ್_ಬೆಸುಗೆ:

ಬೋರ್ಡ್ ನೋಡದೆ ಹೇಳಲ್ಲ. ಒಂಬತ್ತು ಸಾವಿರದಲ್ಲಿ ಒಂದು ಸೊನ್ನೆ ತೆಗೆದರೂ ನನಗೆ ಜಾಸ್ತಿಯೇ.

ಅಕ್ಕ, ಬರುವಾಗ ನಿಮ್ಮದೇ ಅಡಾಪ್ಟರ್ ತನ್ನಿ, ಬ್ಯಾಟರಿ ಅರ್ಧ ಇಟ್ಟುಕೊಂಡು ಬನ್ನಿ. ತುಂಬಿಸಿಕೊಂಡು ಬಂದರೆ ಕಿತ್ತಳೆ ನೋಡಲು ಅದು ಇಳಿಯುವವರೆಗೆ ಕಾಯಬೇಕು. ತಳದ ಸ್ಕ್ರೂಗಳನ್ನು ಯಾವ ಯಾವ ತೂತಿನವೋ ಹಾಗೇ ಕಾಗದಕ್ಕೆ ಚುಚ್ಚಿ ತನ್ನಿ. ಕುಂಕುಮದ ಡಬ್ಬಿಯನ್ನೂ.