ರಾಯಚೂರಿನ ಬಿಸಿಲಿಗೆ ಎಂಥ ಕುಂಡ, ಎಷ್ಟು ದೊಡ್ಡದು?

ಪ್ರಶ್ನೆ (ರಾಯಚೂರು): ಅಣ್ಣಾ, ಮಾಳಿಗೆ ಮೇಲೆ 15 ಕಿಲೋ ಎಣ್ಣೆ ಡಬ್ಬಗಳಲ್ಲಿ ಐದು ಮೆಣಸಿನ ಗಿಡ ಇಟ್ಟಿದ್ದೇನೆ. ಸಂಕ್ರಾಂತಿ ಹೊತ್ತಿಗೆ ಕಾಯಿ ತುಂಬಿ ಬಾಗಿದ್ದವು. ಯುಗಾದಿ ದಾಟಿದ ಮೇಲೆ ಮಧ್ಯಾಹ್ನ ಆದರೆ ಸಾಕು, ಎಲೆ ಜೋತು ಬೀಳುತ್ತವೆ. ಹೂವೂ ಉದುರುತ್ತಿದೆ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನೀರು ಹಾಕುತ್ತೇನೆ. ಡಬ್ಬ ಚಿಕ್ಕದಾಯ್ತಾ? ದೊಡ್ಡ ಡ್ರಮ್ ತರಬೇಕಾ?

ಉತ್ತರ: ಅಕ್ಕಾ, ಡ್ರಮ್ ತರೋದು ಸ್ವಲ್ಪ ತಡೀರಿ. ಆ ಡಬ್ಬದಲ್ಲಿ ಸುಮಾರು 16 ಲೀಟರ್ ಮಣ್ಣು ಹಿಡಿಯುತ್ತದೆ. ಒಂದು ಮೆಣಸಿನ ಗಿಡಕ್ಕೆ ಅಷ್ಟು ಧಾರಾಳ ಸಾಕು. ನನಗೆ ಅನುಮಾನ ಇರೋದು ಡಬ್ಬದ ತಗಡಿನ ಮೇಲೆ. ಒಂದು ಕೆಲಸ ಮಾಡಿ. ಐದರಲ್ಲಿ ಯಾವುದು ಜಾಸ್ತಿ ಸೊರಗಿದೆಯೋ ಅದನ್ನು ಸಂಜೆ ತಂಪು ಹೊತ್ತಿನಲ್ಲಿ ಮಣ್ಣಿನ ಗಡ್ಡೆ ಸಮೇತ ಮೆಲ್ಲಗೆ ಹೊರಗೆ ತೆಗೆಯಿರಿ. ಪಡುವಣ ಬಿಸಿಲು ಬೀಳುವ ಕಡೆಯ ಬೇರು ಹೇಗಿದೆ, ಮೂಡಣ ಕಡೆಯದು ಹೇಗಿದೆ, ಎರಡನ್ನೂ ನೋಡಿ ಹೇಳಿ.

ಅದೇ ಅಕ್ಕ, ಮಾರನೇ ದಿನ: ನೋಡಿದೆ ಅಣ್ಣಾ. ಒಂದು ಕಡೆ ಬೇರು ಬೆಳ್ಳಗೆ, ದಾರದ ಹಾಗೆ ಗಟ್ಟಿ ಇದೆ. ಪಡುವಣ ಕಡೆ ಕಂದು ಬಣ್ಣ. ಹಿಡಿದು ಎಳೆದರೆ ಸಿಪ್ಪೆ ಕಳಚಿ ಕೈಗೆ ಬರುತ್ತದೆ.

ಉತ್ತರ: ಅದೇ ಅಕ್ಕಾ. ನಿಮ್ಮ ಗಿಡದ ಅರ್ಧ ಬೇರು ಬೆಂದಿದೆ. ಗಾಳಿಯ ಬಿಸಿ 41, 42 ಡಿಗ್ರಿ ಇದ್ದಾಗ, ನೇರ ಬಿಸಿಲು ಬಡಿಯುವ ತಗಡಿನ ಹಿಂದಿನ ಮಣ್ಣು 50 ಡಿಗ್ರಿ ದಾಟೋದು ಕಷ್ಟವೇನಲ್ಲ. ಬೇರು 35ರ ಆಸುಪಾಸಿನಲ್ಲೇ ಬೆಳೆಯೋದನ್ನು ಕಡಿಮೆ ಮಾಡುತ್ತದೆ. 40 ದಾಟಿ ಗಂಟೆಗಟ್ಟಲೆ ಇದ್ದರೆ ಸಾಯೋಕೆ ಶುರು. ಆಮೇಲೆ ನೀವು ಎಷ್ಟು ನೀರು ಹಾಕಿದರೂ ಕುಡಿಯೋಕೆ ಬಾಯಿ ಇಲ್ಲ. ಅದಕ್ಕೇ ಮಣ್ಣು ಒದ್ದೆ ಇದ್ದರೂ ಎಲೆ ಜೋತು ಬೀಳೋದು.

ನಮ್ಮ ಕಡೆ ಕುಂಡ ಆರಿಸುವಾಗ ಗಿಡ ಎಷ್ಟು ದೊಡ್ಡದಾಗುತ್ತದೆ ಅಂತ ಮಾತ್ರ ನೋಡಿದರೆ ಸಾಲದು. ಬೆಳಿಗ್ಗೆ ಹಾಕಿದ ನೀರು ಸಂಜೆ ತನಕ ಒಳಗೆ ಇರುತ್ತಾ, ಗೋಡೆ ಎಷ್ಟು ಕಾಯುತ್ತದೆ, ಈ ಎರಡನ್ನು ಮೊದಲು ನೋಡಬೇಕು. ಮಲೆನಾಡಿನವರು ಹೇಳುವ ಅಳತೆ ಇಲ್ಲಿ ನಡೆಯೋದಿಲ್ಲ. ಅವರು 8 ಇಂಚು ಅಂದರೆ ನಾವು 12 ಇಂಚು ಅನ್ನಬೇಕು.

ಈಗ ಮಾಡೋದು ಇಷ್ಟು. ಡಬ್ಬಗಳನ್ನು ಒಂದಕ್ಕೊಂದು ತಾಗಿಸಿ ಇಡಿ, ಒಂದರ ನೆರಳು ಇನ್ನೊಂದಕ್ಕೆ ಬೀಳಲಿ. ಪಡುವಣ ಕಡೆಗೆ ಗೋಣಿ ಚೀಲ ಎರಡು ಮಡಿಕೆ ಮಾಡಿ ಕಟ್ಟಿ. ತಳಕ್ಕೆ ಎರಡು ಇಟ್ಟಿಗೆ ಕೊಡಿ, ಕಾದ ಮಾಳಿಗೆಗೆ ಡಬ್ಬ ತಾಗಬಾರದು. ಹೊರಗೆ ಸುಣ್ಣ ಬಳಿದರೆ ಇನ್ನೂ ಒಳ್ಳೇದು. ಮಣ್ಣಿನ ಮೇಲೆ ಎರಡು ಇಂಚು ಶೇಂಗಾ ಹೊಟ್ಟು ಹರಡಿ. ಹೂವಿನ ವಿಷಯಕ್ಕೆ ಒಂದು ಮಾತು: ಏಪ್ರಿಲ್, ಮೇ ತಿಂಗಳಲ್ಲಿ ಕುಂಡ ಸರಿ ಇದ್ದರೂ ಹೂವು ಉದುರುತ್ತದೆ. ಆ ಬಿಸಿಗೆ ಮೆಣಸಿನ ಹೂವು ಕಾಯಿ ಕಚ್ಚೋದಿಲ್ಲ. ಗಿಡ ಉಳಿಸಿಕೊಳ್ಳಿ. ಮಳೆ ಬಿದ್ದ ಮೇಲೆ ತುದಿ ಸವರಿದರೆ ಮತ್ತೆ ಚಿಗುರುತ್ತದೆ.

ಪ್ರಶ್ನೆ (ಸಿಂಧನೂರು): ಸರ್, ಹಾಗಾದರೆ ಮಣ್ಣಿನ ಕುಂಡವೇ ಒಳ್ಳೇದಾ? ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಪ್ಲಾಸ್ಟಿಕ್ ಚೀಲ, ಅಗ್ಗಕ್ಕೆ ಸಿಗುತ್ತವೆ. ಬಟ್ಟೆ ಚೀಲ ಅಂತಲೂ ಬಂದಿವೆ. ತಲೆ ಕೆಟ್ಟಿದೆ.

ಉತ್ತರ: ಮಣ್ಣಿನ ಕುಂಡ ಅಂದರೆ ನನಗೆ ಬಹಳ ಪ್ರೀತಿ. ಬೇಸಿಗೆಯಲ್ಲಿ ಮಡಿಕೆ ನೀರು ಯಾಕೆ ತಣ್ಣಗಿರುತ್ತದೆ ಹೇಳಿ? ಗೋಡೆಯಿಂದ ನೀರು ಜಿನುಗಿ ಆರುತ್ತದೆ, ಆರುವಾಗ ಬಿಸಿ ಎಳೆದುಕೊಂಡು ಹೋಗುತ್ತದೆ. ಕುಂಡದಲ್ಲೂ ಅದೇ ನಡೆಯುತ್ತದೆ, ಬೇರು ತಂಪಾಗಿರುತ್ತದೆ. ಆದರೆ ನೀರು ಗಿಡಕ್ಕಷ್ಟೇ ಅಲ್ಲ, ಗೋಡೆಗೂ ಬೇಕು. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ತಪ್ಪದೆ ಹಾಕುವವರು ಮಾತ್ರ ಇಟ್ಟುಕೊಳ್ಳಿ. ಬೋರ್ ನೀರು ಗಡಸು ಇದ್ದರೆ ಹೊರಗೆ ಬಿಳಿ ಉಪ್ಪು ಕಟ್ಟುತ್ತದೆ. ಆಗಾಗ ಬ್ರಶ್ ಹಾಕಿ ತಿಕ್ಕಿ ತೆಗೆಯಿರಿ. ತಿಂಗಳಿಗೊಮ್ಮೆ ತಳದಿಂದ ಚೆನ್ನಾಗಿ ಹರಿಯುವಷ್ಟು ನೀರು ಬಿಟ್ಟು ಮಣ್ಣನ್ನು ತೊಳೆಯಿರಿ.

ಬಟ್ಟೆ ಚೀಲದ ಗುಣ ಬೇರೆ. ಬೇರು ಅಂಚಿಗೆ ಬಂದು ಗಾಳಿ ತಾಗಿದ ಕೂಡಲೇ ತುದಿ ಒಣಗಿ, ಹಿಂದಿನಿಂದ ಹೊಸ ಬೇರು ಒಡೆಯುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ಹಾಗಲ್ಲ, ಬೇರು ಗೋಡೆ ಹಿಡಿದು ಸುತ್ತುತ್ತಾ ಹೋಗಿ ಕೊನೆಗೆ ಹಗ್ಗದ ಉಂಡೆ ಆಗುತ್ತದೆ. ಬೇರಿನ ದೃಷ್ಟಿಯಿಂದ ಬಟ್ಟೆ ಚೀಲ ತುಂಬಾ ಒಳ್ಳೇದು. ನಮ್ಮ ಮಾರ್ಚ್ ತಿಂಗಳ ಬಿಸಿ ಗಾಳಿಗೆ ಮಾತ್ರ ಅದು ಬೇಗ ಒಣಗುತ್ತದೆ. ಮಳೆಗಾಲ, ಚಳಿಗಾಲಕ್ಕೆ ಇಟ್ಟುಕೊಳ್ಳಿ.

ವರ್ಷವಿಡೀ ಮಾಳಿಗೆ ಮೇಲೆ ಇಡೋದಕ್ಕೆ ನಾನು ಹೇಳೋದು ದಪ್ಪ ಗ್ರೋ ಬ್ಯಾಗ್. ತಿಳಿ ಬಣ್ಣದ್ದು ಇರಲಿ, ಕಪ್ಪು ಬೇಡ. ಪೇಂಟ್ ಬಕೆಟ್ ಕೂಡ ಚಿನ್ನದಂಥ ವಸ್ತು. 20 ಲೀಟರ್ ಬಕೆಟ್‌ಗೆ ಕಾದ ಸಲಾಕೆಯಿಂದ ತಳದಲ್ಲಿ ಆರೇಳು ತೂತು ಮಾಡಿ. ಪಕ್ಕದಲ್ಲಿ, ತಳದಿಂದ ಒಂದು ಇಂಚು ಮೇಲೆ ಇನ್ನೂ ನಾಲ್ಕು ಮಾಡಿ. ತಳದ ತೂತು ಮುಚ್ಚಿಕೊಂಡರೂ ನೀರಿಗೆ ದಾರಿ ಇರುತ್ತದೆ. ಸಿಮೆಂಟ್ ಕುಂಡ ಒಮ್ಮೆ ಇಟ್ಟರೆ ಎತ್ತೋಕೆ ಆಗೋದಿಲ್ಲ. ಹೊಸದಾಗಿದ್ದರೆ ಸುಣ್ಣದ ಅಂಶ ಬಿಡುತ್ತದೆ. ಒಂದು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ, ಆಮೇಲೆ ನೆಡಿ.

ಪ್ರಶ್ನೆ (ಗಂಗಾವತಿ): ಯಾವ ಗಿಡಕ್ಕೆ ಎಷ್ಟು ಲೀಟರ್ ಅಂತ ಹೇಳಿಬಿಡಿ ಸರ್. ಅಂಗಡಿಯವರು ಇಂಚಿನಲ್ಲಿ ಹೇಳುತ್ತಾರೆ, ನೀವು ಲೀಟರ್ ಅನ್ನುತ್ತೀರಿ.

ಉತ್ತರ: 9 ಇಂಚು ಅಗಲ, 9 ಇಂಚು ಎತ್ತರದ ಚೀಲ ಅಂದರೆ ಸುಮಾರು 9 ಲೀಟರ್. 12ಕ್ಕೆ 12 ಅಂದರೆ 22 ಲೀಟರ್. 15ಕ್ಕೆ 15 ಅಂದರೆ 43. ಮೂರೇ ಇಂಚು ಜಾಸ್ತಿ ಆದರೆ ಮಣ್ಣು ದುಪ್ಪಟ್ಟು, ನೋಡಿ. ಮೆಣಸಿನಕಾಯಿಗೆ 12ರಿಂದ 16 ಲೀಟರ್, ಟೊಮೆಟೊ, ಬದನೆಗೆ 20. ಹೀರೆ, ಸೋರೆಗೆ 40ಕ್ಕೆ ಕಡಿಮೆ ಬೇಡ. ಆ ದೊಡ್ಡ ಎಲೆಗಳು ನೀರು ಕುಡಿಯೋದು ನೋಡಿದರೆ ಗಾಬರಿ ಆಗುತ್ತದೆ. ಕರಿಬೇವು ಮೊದಲೆರಡು ವರ್ಷ 20, ಆಮೇಲೆ 40. ಲಿಂಬೆಗೆ 18 ಇಂಚಿನದು. ಮೆಂತ್ಯ, ಕೊತ್ತಂಬರಿಗೆ ಆಳ ಬೇಡ, ಅಗಲ ಬೇಕು. 6 ಇಂಚು ಆಳದ ಹಳೇ ಟಬ್ ಸಾಕು.

ಮಣ್ಣಿನ ಬಗ್ಗೆ ಕೇಳಲಿಲ್ಲ, ಆದರೂ ಹೇಳಲೇಬೇಕು. ದಯವಿಟ್ಟು ಬರೀ ಎರೆ ಮಣ್ಣು ತುಂಬಬೇಡಿ. ಹೊಲದಲ್ಲಿ ಅದು ಬಂಗಾರ, ಕುಂಡದಲ್ಲಿ ಕಷ್ಟ. ಒಣಗಿದಾಗ ಕುಗ್ಗಿ ಗೋಡೆ ಬಿಟ್ಟು ಬೆರಳು ಹೋಗುವಷ್ಟು ಸಂದಿ ಬಿಡುತ್ತದೆ. ನೀವು ಹಾಕಿದ ನೀರು ಆ ಸಂದಿಯಲ್ಲಿ ಇಳಿದು ಕೆಳಗೆ ಹರಿದು ಹೋಗುತ್ತದೆ. ನೀರು ಹರಿದದ್ದು ನೋಡಿ ನೀವು ಸಾಕು ಅಂದುಕೊಳ್ಳುತ್ತೀರಿ, ಗಡ್ಡೆಯ ನಡುವೆ ಒಣ ಹೆಂಟೆ ಹಾಗೇ ಇರುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಪಾಲು ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ನಿಮ್ಮ ಗಂಗಾವತಿಯಲ್ಲಿ ರೈಸ್ ಮಿಲ್‌ಗಳಿಗೆ ಬರವೇ? ಭತ್ತದ ಹೊಟ್ಟು ಎರಡು ಬೊಗಸೆ ಬೆರೆಸಿ, ಮಣ್ಣು ಹಗುರ ಆಗುತ್ತದೆ. ಹೊಟ್ಟಿನ ಬೂದಿ ಮಾತ್ರ ಜಾಸ್ತಿ ಹಾಕಬೇಡಿ, ಅದು ಕ್ಷಾರ. ನಮ್ಮ ನೀರು ಮೊದಲೇ ಗಡಸು.

ಪ್ರಶ್ನೆ (ಮಾನ್ವಿ): ತಳಕ್ಕೆ ಕಲ್ಲು, ಹೆಂಚಿನ ಚೂರು ಒಂದು ಪದರ ಹಾಕಬೇಕು ಅಂತಾರಲ್ಲ?

ಉತ್ತರ: ಬೇಡ. ನೀರು ಮಣ್ಣಿನಿಂದ ಕಲ್ಲಿಗೆ ಸುಲಭಕ್ಕೆ ಇಳಿಯೋದಿಲ್ಲ, ಕಲ್ಲಿನ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ. ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬರುತ್ತದೆ, ಮಣ್ಣಿನ ಜಾಗವೂ ಹೋಗುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು, ಇಲ್ಲಾ ಸೊಳ್ಳೆ ಪರದೆಯ ತುಂಡು ಇಟ್ಟರೆ ಸಾಕು.

ಪ್ರಶ್ನೆ (ಕೊಪ್ಪಳ): ಸರ್, ನಾನು ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ಮಾಳಿಗೆ ಇಲ್ಲ. ಕಿಟಕಿ ಹತ್ತಿರ ಎಲ್‌ಇಡಿ ದೀಪ ಹಾಕಿ ಎರಡು ಮೆಣಸಿನ ಗಿಡ ಬೆಳೆಸಬೇಕು ಅಂತ ಆಸೆ. ನಾನೂ 16 ಲೀಟರ್ ಇಡಲಾ?

ಉತ್ತರ: ತಮ್ಮಾ, ನಿನಗೆ ಲೆಕ್ಕ ತಿರುಗುಮುರುಗು. ರೂಮಿನೊಳಗೆ ಬಿಸಿಲಿಲ್ಲ, ಗಾಳಿಯಿಲ್ಲ, ನೀರು ಬೇಗ ಆರೋದಿಲ್ಲ. ಸಣ್ಣ ಸಸಿಯನ್ನು ದೊಡ್ಡ ಕುಂಡದಲ್ಲಿಟ್ಟರೆ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆ ಇರುತ್ತದೆ. ಬೇರು ಕೊಳೆಯುತ್ತದೆ, ಚಿಕ್ಕ ಕಪ್ಪು ನೊಣ ಹಾರಾಡುತ್ತವೆ. ಮೊದಲು ಟೀ ಲೋಟದಷ್ಟರಲ್ಲಿ ಬೀಜ ಹಾಕು. ನಾಲ್ಕೈದು ಎಲೆ ಬಂದಾಗ 1 ಲೀಟರ್ ಕುಂಡ. ತಳದ ತೂತಿನಲ್ಲಿ ಬಿಳಿ ಬೇರು ಇಣುಕಿದಾಗ 8 ಇಂಚಿನ ಕುಂಡ, ಅಂದರೆ ಸುಮಾರು 5 ಲೀಟರ್. ಅಲ್ಲಿಗೆ ನಿಲ್ಲಿಸು. ಒಳಗೆ ಪ್ಲಾಸ್ಟಿಕ್ ಕುಂಡವೇ ಸರಿ, ಕಪ್ಪು ಆದರೂ ತೊಂದರೆ ಇಲ್ಲ. ನೀರು ಹಾಕುವ ಮೊದಲು ಕುಂಡ ಎತ್ತಿ ನೋಡು. ಹಗುರ ಅನ್ನಿಸಿದರೆ ಹಾಕು, ಭಾರ ಇದ್ದರೆ ಬಿಡು. ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯಲ್ಲಿ ಚೆಲ್ಲಿಬಿಡು.

ಪ್ರಶ್ನೆ (ಬಳ್ಳಾರಿ): ನಮ್ಮ ಮನೆಯವರು 200 ಲೀಟರ್ ಡ್ರಮ್ ಅರ್ಧಕ್ಕೆ ಕೊಯ್ದು ಮಾಳಿಗೆ ನಡುವೆ ಎಂಟು ಇಡೋಣ ಅಂತಿದ್ದಾರೆ. ಭಾರ ತಡೆಯುತ್ತದಾ?

ಉತ್ತರ: ಅಮ್ಮಾ, ಇದು ಹುಡುಗಾಟದ ವಿಷಯ ಅಲ್ಲ. 100 ಲೀಟರ್ ಒದ್ದೆ ಮಣ್ಣು ಅಂದರೆ 130 ಕಿಲೋ ಹತ್ತಿರ. ಎಂಟಕ್ಕೆ ಒಂದು ಟನ್ ಮೇಲಾಯಿತು. ಜನ ಓಡಾಡುವ ಆರ್‌ಸಿಸಿ ಮಾಳಿಗೆಗೆ ಐಎಸ್ 875 ಅನ್ನೋ ಕಟ್ಟಡ ಭಾರದ ಭಾರತೀಯ ಮಾನದಂಡದಲ್ಲಿ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ನಿಮ್ಮ ಒಂದೊಂದು ಡ್ರಮ್ ಕೂರೋದು ಕಾಲು ಚದರ ಮೀಟರ್ ಜಾಗದ ಮೇಲೆ, ಅಂದರೆ ಆ ಜಾಗಕ್ಕೆ ಚದರ ಮೀಟರ್ ಲೆಕ್ಕದಲ್ಲಿ 500 ಕಿಲೋ ಮೇಲೆ ಬೀಳುತ್ತದೆ. ನಡುವೆ ಖಂಡಿತ ಬೇಡ. ಕೆಳಗೆ ಗೋಡೆ ಅಥವಾ ಬೀಮ್ ಇರುವ ಸಾಲಿನಲ್ಲಿ, ದೂರ ದೂರ, ಎರಡೋ ಮೂರೋ ಇಡಿ. ಅದನ್ನೂ ಮನೆ ಕಟ್ಟಿದ ಎಂಜಿನಿಯರ್‌ಗೆ ತೋರಿಸಿಯೇ ಇಡಿ. ಹಳೇ ಮನೆ, ಕಲ್ಲು ಚಪ್ಪಡಿ ಹಾಸಿದ ಮಾಳಿಗೆ ಆಗಿದ್ದರೆ ಡ್ರಮ್ಮಿನ ಆಸೆಯೇ ಬಿಡಿ. ಲಿಂಬೆ, ನುಗ್ಗೆ ಬೇಕಿದ್ದರೆ ಅಂಗಳದಲ್ಲಿ ನೆಲಕ್ಕೆ ಹಾಕಿ.

ಮೊದಲ ಅಕ್ಕ: ಅಣ್ಣಾ, ಗೋಣಿ ಕಟ್ಟಿದೆ, ಇಟ್ಟಿಗೆ ಕೊಟ್ಟೆ. ಬೇರು ಬೆಂದ ಗಿಡಕ್ಕೆ ಈಗಲೇ ಗೊಬ್ಬರ ಕೊಡಲಾ? ನೋಡೋಕೆ ಪಾಪ ಅನ್ನಿಸುತ್ತದೆ.

ಉತ್ತರ: ಈಗ ಬೇಡ ಅಕ್ಕಾ. ಬೇರಿಲ್ಲದ ಗಿಡಕ್ಕೆ ಗೊಬ್ಬರ ಕೊಟ್ಟರೆ ಉಪ್ಪು ಕಟ್ಟಿ ಉಳಿದ ಬೇರೂ ಹೋಗುತ್ತದೆ. ಮೇಲಿನ ಕೊಂಬೆ ಮೂರನೇ ಒಂದು ಪಾಲು ಸವರಿ, ಹೂವು ಚಿವುಟಿ. ಮಧ್ಯಾಹ್ನ 12ರಿಂದ 4ರ ತನಕ ಹಳೇ ಸೀರೆಯಾದರೂ ಸರಿ, ನೆರಳು ಕಟ್ಟಿ. ಎರಡು ಮೂರು ವಾರದಲ್ಲಿ ಗಿಣ್ಣಿನ ಹತ್ತಿರ ಹೊಸ ಚಿಗುರು ಕಾಣಿಸಿದರೆ ಬೇರು ಒಡೆದಿದೆ ಅಂತ ಅರ್ಥ. ಆಗ ಒಂದು ಹಿಡಿ ಎರೆಹುಳು ಗೊಬ್ಬರ ಕೊಡಿ, ಇಲ್ಲಿ ಒಂದು ಫೋಟೋ ಹಾಕಿ.