ಶೈಕ್ಷಣಿಕ ಗ್ರಂಥಾಲಯದಲ್ಲಿ ಇಂಟರ್ನ್‌ಶಿಪ್: ಯಾವ ವಿಭಾಗವನ್ನು ಕೇಳಿಕೊಳ್ಳಲಿ?

ಪ್ರಶ್ನೆ – ವಿದ್ಯಾರ್ಥಿನಿ, ಮಂಡ್ಯ

ನಾನು ದಿನವೂ ಮಂಡ್ಯದಿಂದ ರೈಲಿನಲ್ಲಿ ಮೈಸೂರಿಗೆ ಬಂದು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಪರೀಕ್ಷೆಯ ನಂತರ ಎರಡು ತಿಂಗಳು ದೊಡ್ಡ ಶೈಕ್ಷಣಿಕ ಗ್ರಂಥಾಲಯವೊಂದರಲ್ಲಿ ಇಂಟರ್ನ್ ಆಗಿ ಕೆಲಸ ಮಾಡುವ ಅವಕಾಶ ದೊರೆತಿದೆ. ಡಿಜಿಟಲ್ ವಿಭಾಗವನ್ನಷ್ಟೇ ಕೇಳಿಕೊಳ್ಳಬೇಕು, ಪುಸ್ತಕ ಜೋಡಿಸುವ ಕೆಲಸದಿಂದ ಪ್ರಯೋಜನವಿಲ್ಲ ಎಂದು ಸಹಪಾಠಿಗಳು ಹೇಳುತ್ತಾರೆ. ಮನೆಯಲ್ಲಿ ಮಾತ್ರ ಸರ್ಕಾರಿ ಕಾಲೇಜಿನ ಗ್ರಂಥಪಾಲಕಿಯ ಹುದ್ದೆಯೊಂದನ್ನೇ ಗುರಿಯಾಗಿಟ್ಟುಕೊಳ್ಳಲು ಹೇಳುತ್ತಿದ್ದಾರೆ. ಈ ಕ್ಷೇತ್ರದಲ್ಲಿ ಬೇರೆ ಯಾವ ದಾರಿಗಳಿವೆ, ಅವುಗಳನ್ನು ಅರಿಯಲು ಈ ಎರಡು ತಿಂಗಳನ್ನು ಹೇಗೆ ಬಳಸಿಕೊಳ್ಳಲಿ ಎಂದು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1 – ಕಾಲೇಜು ಗ್ರಂಥಪಾಲಕ, ಮಂಡ್ಯ

ಮಗಳೇ, ಡಿಜಿಟಲ್ ವಿಭಾಗಕ್ಕೆ ಖಂಡಿತ ಹೋಗು, ಆದರೆ ಮೊದಲು ಅಲ್ಲಿಗೆ ಹೋಗಬೇಡ. ಹೊಸ ಪುಸ್ತಕಗಳ ಒಂದು ಕಟ್ಟನ್ನು ಆರಿಸಿಕೊಂಡು, ಅಧ್ಯಾಪಕರು ಬೇಡಿಕೆ ಸಲ್ಲಿಸುವುದರಿಂದ ಹಿಡಿದು, ಅದೇ ಪುಸ್ತಕ ಈಗಾಗಲೇ ಇದೆಯೇ ಎಂದು ನೋಡುವುದು, ಬಿಲ್ಲು ತಾಳೆ ಹಾಕುವುದು, ಆಕ್ಸೆಷನ್ ಸಂಖ್ಯೆ (ಪ್ರತಿ ಪುಸ್ತಕದ ದಾಖಲಾತಿ ಸಂಖ್ಯೆ) ಕೊಡುವುದು, ವರ್ಗೀಕರಿಸಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ ನಮೂದಿಸುವುದು, ಕೊನೆಗೆ ಕಪಾಟಿಗೆ ಸೇರಿಸುವುದು, ಇಷ್ಟನ್ನೂ ನಿನ್ನ ಕೈಯಿಂದಲೇ ಮಾಡಿ ನೋಡು.

ಕನ್ನಡ ಪುಸ್ತಕಗಳ ಸೂಚೀಕರಣಕ್ಕಂತೂ (ಕ್ಯಾಟಲಾಗ್ ಮಾಡುವುದಕ್ಕೆ) ಹೆಚ್ಚು ದಿನ ಕೊಡಬೇಕೆಂದು ಒತ್ತಿ ಹೇಳುತ್ತೇನೆ. ಪುಸ್ತಕಗಳನ್ನು ವಿಷಯವಾರು ಸಂಖ್ಯೆಗಳಿಂದ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯವೆಲ್ಲವೂ 894.814ರ ಕೆಳಗೆ ಬರುತ್ತದೆ. ಕಾವ್ಯಕ್ಕೆ 1, ನಾಟಕಕ್ಕೆ 2, ಕಥೆ ಕಾದಂಬರಿಗಳಿಗೆ 3 ಸೇರುತ್ತದೆ. ನಮ್ಮ ಗ್ರಂಥಾಲಯಗಳಲ್ಲಿ ಆ ಒಂದೇ ಸಂಖ್ಯೆಯಡಿ ಸಾಲುಸಾಲು ಕಪಾಟುಗಳು ತುಂಬಿರುವುದರಿಂದ, ಲೇಖಕರ ಹೆಸರನ್ನು ಒಂದೇ ರೀತಿಯಲ್ಲಿ ನಮೂದಿಸದಿದ್ದರೆ ಓದುಗರಿಗೆ ಪುಸ್ತಕ ಸಿಗುವುದೇ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಗೆ ಆ ಹೆಸರಿಟ್ಟ ಕುವೆಂಪು ಅವರನ್ನೇ ತೆಗೆದುಕೊಳ್ಳಿ: ಒಂದು ದಾಖಲೆಯಲ್ಲಿ ಕಾವ್ಯನಾಮ, ಇನ್ನೊಂದರಲ್ಲಿ ಪುಟ್ಟಪ್ಪ ಕೆ.ವಿ., ಮತ್ತೊಂದರಲ್ಲಿ ರೋಮನ್ ಲಿಪಿ ಇದ್ದರೆ ಹುಡುಕುವವರಿಗೆ ಮೂವರು ಲೇಖಕರು ಕಾಣುತ್ತಾರೆ. ಇವನ್ನು ಒಂದುಗೂಡಿಸಲು ಬಲ್ಲವರು ಕನ್ನಡಕ್ಕೆ ಬಹಳ ಬೇಕಾಗಿದ್ದಾರೆ, ಮತ್ತು ಈ ಕೆಲಸ ಕಲಿತವರಿಗೆ ಡಿಜಿಟಲ್ ಸಂಗ್ರಹದ ಮೆಟಾಡೇಟಾ, ಅಂದರೆ ಪ್ರತಿ ಕಡತದ ವಿವರಗಳ ದಾಖಲೆ, ಕಷ್ಟವೆನಿಸುವುದಿಲ್ಲ.

ಮನೆಯವರು ಹೇಳುವ ಹುದ್ದೆಯೂ ಒಳ್ಳೆಯದೇ. ಯುಜಿಸಿ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಅಂಕಗಳು ಮತ್ತು ನೆಟ್ (ರಾಷ್ಟ್ರೀಯ) ಅಥವಾ ಕೆ-ಸೆಟ್ (ರಾಜ್ಯ) ಪರೀಕ್ಷೆಯ ಅರ್ಹತೆ ಬೇಕು. ಏಳನೇ ವೇತನ ಆಯೋಗದ ಪ್ರಕಾರ ಯುಜಿಸಿ ಆರಂಭಿಕ ಮೂಲವೇತನ 57,700 ರೂಪಾಯಿ. ನೇಮಕಾತಿಯ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲವಾದ್ದರಿಂದ ಅದೊಂದನ್ನೇ ಕಾಯುತ್ತ ಕೂರಬಾರದು.

ಉತ್ತರ 2 – ಸಂಶೋಧನಾ ಸಂಸ್ಥೆಯೊಂದರ ಮಾಹಿತಿ ಅಧಿಕಾರಿ, ಮೈಸೂರು

ಮೇಲಿನ ಮಾತನ್ನು ಒಪ್ಪುತ್ತೇನೆ. ಒಂದು ಅಂಶ ಸೇರಿಸುತ್ತೇನೆ. ಯಾವ ತಂತ್ರಾಂಶ ಇಷ್ಟ ಎನ್ನುವುದಕ್ಕಿಂತ ಯಾವ ಓದುಗರ ಜೊತೆ ಕೆಲಸ ಮಾಡಲು ಇಷ್ಟ ಎಂಬುದನ್ನು ಈ ಎರಡು ತಿಂಗಳಲ್ಲಿ ಕಂಡುಕೊಳ್ಳಿ. ಮೈಸೂರಿನಲ್ಲಿ ಅದಕ್ಕೆ ಬೇಕಾದಷ್ಟು ಆಸ್ಪದವಿದೆ. 1950ರಲ್ಲಿ ಆರಂಭವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಯಲ್ಲಿ ಆಹಾರ ವಿಜ್ಞಾನಿಗಳಿಗೆ ಪೇಟೆಂಟು, ಸಂಶೋಧನಾ ಲೇಖನಗಳ ಅಗತ್ಯವಿದ್ದರೆ, 1969ರ ಭಾರತೀಯ ಭಾಷಾ ಸಂಸ್ಥಾನದಲ್ಲಿ ಹಲವು ಭಾಷೆಗಳ ಸಾಮಗ್ರಿಯನ್ನು ಅರಸುವವರು ಇರುತ್ತಾರೆ. ನಿಮ್ಮ ಮೊದಲ ಪದವಿ ವಿಜ್ಞಾನದಲ್ಲಾಗಿದ್ದರೆ ಅದನ್ನು ಮರೆಯಬೇಡಿ, ಸಂಶೋಧನಾ ಗ್ರಂಥಾಲಯಗಳಲ್ಲಿ ವಿಷಯಜ್ಞಾನ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ರೆಫರೆನ್ಸ್ ಮೇಜಿನಲ್ಲಿ ಕುಳಿತು, ಬಂದವರು ಏನು ಕೇಳಿದರು, ಅವರಿಗೆ ಬೇಕಾಗಿದ್ದುದೇನು, ಎಲ್ಲಿ ಸಿಕ್ಕಿತು ಎಂದು ಬರೆದಿಡಿ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಆರಂಭವಾಗಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದುಕೊಂಡಿವೆ. ಚಂದಾ ದೊರೆತ ಮೇಲೆ ಅದನ್ನು ಬಳಸಲು ಕಲಿಸುವವರು ಬೇಕು. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾಕ್ಕೆ ಪ್ರಬಂಧ ಸೇರಿಸುವುದು, ಕೃತಿಚೌರ್ಯ ಪರಿಶೀಲನೆ, ಡಿಜಿಟಲ್ ಸಂಗ್ರಹದ ತಂತ್ರಾಂಶವಾದ ಡಿಸ್ಪೇಸ್‌ನ ನಿರ್ವಹಣೆ ಇವೆಲ್ಲವೂ ಗ್ರಂಥಾಲಯದವರ ಪಾಲಿಗೇ ಬಂದಿವೆ.

ಉತ್ತರ 3 – ಹಸ್ತಪ್ರತಿ ಆಸಕ್ತ, ಮೈಸೂರು

ಹಸ್ತಪ್ರತಿಗಳ ದಾರಿಯನ್ನು ಯಾರೂ ಹೇಳಲಿಲ್ಲ. 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯ ಗ್ರಂಥಾಲಯದಲ್ಲಿ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅವರು ಅಲ್ಲಿನ ಗ್ರಂಥಪಾಲಕರಾಗಿದ್ದವರು. ಹಳಗನ್ನಡ ಅಥವಾ (ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ) ‘ಗ್ರಂಥ’ ಲಿಪಿ ಓದಲು ಬರುವ, ಸೂಚೀಕರಣವನ್ನೂ ಬಲ್ಲ ತರುಣರು ತೀರ ವಿರಳ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ನಮಸ್ಕಾರ. ಮೊದಲು ಕನ್ನಡ ಸೂಚೀಕರಣ, ಅನಂತರ ರೆಫರೆನ್ಸ್ ಮೇಜು, ಕೊನೆಗೆ ಡಿಜಿಟಲ್ ವಿಭಾಗ ಎಂದು ಕೇಳಿಕೊಳ್ಳಬೇಕೆಂದಿದ್ದೇನೆ. ಇದನ್ನು ಬಾಯಿಮಾತಿನಲ್ಲಿ ಕೇಳಿದರೆ ಸಾಕೇ, ಸರ್?

ಉತ್ತರ 1ನ್ನು ಬರೆದವರಿಂದ

ಬರೆದೇ ಕೊಡಮ್ಮ. ಒಂದು ಪುಟದ ಮನವಿಯಲ್ಲಿ ಯಾವ ವಿಭಾಗದಲ್ಲಿ ಎಷ್ಟು ವಾರ, ಏನನ್ನು ಕಲಿಯಬಯಸುತ್ತೀಯ, ರೈಲಿನ ಸಮಯಕ್ಕೆ ತಕ್ಕಂತೆ ಯಾವ ಗಂಟೆಗಳಲ್ಲಿ ಇರಬಲ್ಲೆ ಎಂಬುದನ್ನು ಸ್ಪಷ್ಟವಾಗಿ ತಿಳಿಸು. ಗೌರವಧನ ಇದೆಯೇ ಎಂದು ಸೇರುವ ಮೊದಲೇ ವಿಚಾರಿಸಲು ಸಂಕೋಚ ಬೇಡ. ಮುಗಿಸಿ ಹೊರಡುವಾಗ ಸಿಗುವ ಪ್ರಮಾಣಪತ್ರದಲ್ಲಿ ಬರೀ ದಿನಾಂಕಗಳಲ್ಲದೆ, ನೀನು ಮಾಡಿದ ಕೆಲಸಗಳೂ ನಮೂದಾಗುವಂತೆ ಈಗಲೇ ಕೋರಿಕೊ.